ಮೊದಲ ಮೂರು ತಿಂಗಳ ಗರ್ಭಸ್ರಾವ: ಕಾಯುವುದೇ, ಮಾತ್ರೆಯೇ, ಸಿರಿಂಜಿನಿಂದ ತೆಗೆಸುವುದೇ?

ಸ್ಕ್ಯಾನಿಂಗ್ ಕೋಣೆಯಿಂದ ಹೊರಬಂದ ಹೆಣ್ಣುಮಗಳಿಗೆ ಕೂಸಿನ ಎದೆಬಡಿತ ಕಾಣುತ್ತಿಲ್ಲವೆಂದು ತಿಳಿಸಿದ ಮೇಲೆ ಮುಂದಿನ ಮಾತುಕತೆ ಅವಳೊಂದಿಗೆ ನಡೆಯುವುದು ಅಪರೂಪ. ಅದು ವರಾಂಡದಲ್ಲಿ ನಿಂತ ಅತ್ತೆಯ ಜೊತೆಗೋ ಗಂಡನ ಜೊತೆಗೋ ನಡೆದುಹೋಗುತ್ತದೆ. "ಸಿಸ್ಟರ್, ಇವತ್ತ ಕ್ಲೀನ್ ಮಾಡಿ ಕಳಿಸಿಬಿಡ್ರಿ, ಸಂಜೀ ಬಸ್ ತಪ್ಪಿದ್ರ ಊರಿಗೆ ಬ್ಯಾರೆ ಗಾಡಿ ಇಲ್ಲ" ಎಂಬ ಮಾತನ್ನು, ಗಂಗಾವತಿ ಭಾಗದ ಹೊರರೋಗಿ ವಿಭಾಗದಲ್ಲಿ ಶುಶ್ರೂಷಕಿಯಾಗಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಬಸ್ಸಿನ ಚಿಂತೆ ಸುಳ್ಳಲ್ಲ. ಆದರೆ ಆ ಅವಸರದಲ್ಲಿ ಒಂದು ಸಂಗತಿ ಯಾರ ಕಿವಿಗೂ ಬೀಳದೆ ಹೋಗುತ್ತದೆ: ವಿಪರೀತ ರಕ್ತಸ್ರಾವವಾಗಲಿ ಜ್ವರವಾಗಲಿ ಇಲ್ಲದ ಹೆಣ್ಣಿಗೆ ಇಂಥ ಸಮಯದಲ್ಲಿ ಮೂರು ದಾರಿಗಳಿರುತ್ತವೆ, ಮೂರೂ ಸುರಕ್ಷಿತವಾದವು, ಮತ್ತು ಬಹುಪಾಲು ಸಂದರ್ಭಗಳಲ್ಲಿ ಅಂದೇ ತೀರ್ಮಾನಿಸಬೇಕಾದ ಒತ್ತಡ ಇರುವುದಿಲ್ಲ. ಆ ಮೂರನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಈ ಬರಹ.

ಒಂದು ಪದದ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ತಾನಾಗಿಯೇ ಗರ್ಭ ಇಳಿದದ್ದಕ್ಕೂ ಬೇಡವೆಂದು ತೆಗೆಸಿದ್ದಕ್ಕೂ ನಮ್ಮ ಕಡೆ ಗರ್ಭಪಾತ ಎಂಬ ಒಂದೇ ಮಾತಿದೆ. ಸ್ಕ್ಯಾನಿಂಗ್ ವರದಿಯಲ್ಲಿಯೂ "ಮಿಸ್ಡ್ ಅಬಾರ್ಷನ್" ಅಥವಾ "ಇನ್‌ಕಂಪ್ಲೀಟ್ ಅಬಾರ್ಷನ್" ಎಂದೇ ಬರೆದಿರುತ್ತದೆ. ಅದನ್ನು ಓದಿದ ಮನೆಯವರು ಸೊಸೆ ಏನೋ ಮಾತ್ರೆ ತಿಂದಿದ್ದಾಳೆಂದು ಅನುಮಾನಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವೈದ್ಯರ ಭಾಷೆಯಲ್ಲಿ ಆ ಪದಕ್ಕೆ ಅಂಥ ಅರ್ಥವಿಲ್ಲ. ಮೊದಲನೆಯದು, ಗರ್ಭದ ಬೆಳವಣಿಗೆ ನಿಂತಿದೆ ಆದರೆ ಹೊರಗೆ ಬಂದಿಲ್ಲ ಎಂದು ಹೇಳುತ್ತದೆ. ಎರಡನೆಯದು, ಸ್ವಲ್ಪ ಭಾಗ ಬಂದು ಸ್ವಲ್ಪ ಒಳಗೆ ಉಳಿದಿದೆ ಎಂದು ಹೇಳುತ್ತದೆ. ಈ ಬರಹದಲ್ಲಿ ತಾನಾಗಿ ಆಗುವುದನ್ನು ಗರ್ಭಸ್ರಾವ ಎಂದೇ ಕರೆಯುತ್ತೇನೆ.

ದಾರಿ ಆರಿಸುವ ಮೊದಲು ಖಚಿತವಾಗಬೇಕಾದದ್ದು

ಗರ್ಭದ ಬೆಳವಣಿಗೆ ನಿಂತಿದೆ ಎನ್ನುವುದೇ ಖಚಿತವಾಗದೆ ಮೂರರಲ್ಲಿ ಯಾವ ದಾರಿಯನ್ನೂ ಹಿಡಿಯಬಾರದು. ಯೋನಿಮಾರ್ಗದ ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ಉದ್ದ 7 ಮಿಲಿಮೀಟರ್ ಅಥವಾ ಹೆಚ್ಚಿದ್ದು ಎದೆಬಡಿತ ಕಾಣದಿದ್ದರೆ, ಇಲ್ಲವೇ ಗರ್ಭಚೀಲದ ಸರಾಸರಿ ಅಳತೆ 25 ಮಿಲಿಮೀಟರ್ ಅಥವಾ ಹೆಚ್ಚಿದ್ದು ಒಳಗೆ ಭ್ರೂಣವೇ ಕಾಣದಿದ್ದರೆ ಮಾತ್ರ ಗರ್ಭದ ಬೆಳವಣಿಗೆ ನಿಂತಿದೆ ಎಂದು ಹೇಳಲು ಸಾಧ್ಯ. ಅದಕ್ಕಿಂತ ಚಿಕ್ಕದಿದ್ದರೆ 7ರಿಂದ 14 ದಿನ ಬಿಟ್ಟು ಮತ್ತೊಮ್ಮೆ ನೋಡಬೇಕು. ಮುಟ್ಟಿನ ದಿನಾಂಕ ಸರಿಯಾಗಿ ನೆನಪಿಲ್ಲದವರು ಮತ್ತು ಮುಟ್ಟು ಏರುಪೇರಾಗುವವರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ, ಎರಡು ತಿಂಗಳು ತುಂಬಿದೆ ಎಂದು ಬಂದವರಿಗೆ ಗರ್ಭ ಐದೇ ವಾರದ್ದಾಗಿರುವುದುಂಟು. ಕಾರಟಗಿ ಕಡೆಯಿಂದ ಬಂದ ಒಬ್ಬಾಕೆಗೆ ಬೇರೊಂದು ಕಡೆ ಬರಿಯ ಚೀಲ ಮಾತ್ರ ಕಂಡಿದೆ, ತೆಗೆಸಿಬಿಡಿ ಎಂದಿದ್ದರು. ಹತ್ತು ದಿನ ಬಿಟ್ಟು ನೋಡಿದಾಗ ಎದೆಬಡಿತ ಕಂಡಿತು. ಆ ದಿನ ಅವಳ ಮುಖದಲ್ಲಿ ಕಂಡದ್ದನ್ನು ನೆನೆದೇ ನಾನು ಎರಡನೆಯ ಸ್ಕ್ಯಾನಿಂಗ್‌ನ ಮಾತನ್ನು ಯಾರಿಗೂ ಹೇಳದೆ ಬಿಡುವುದಿಲ್ಲ.

ಎರಡನೆಯದಾಗಿ, ಗರ್ಭ ಗರ್ಭಕೋಶದ ಒಳಗೇ ಇದೆ ಎಂಬುದು ತಿಳಿದಿರಬೇಕು. ಅಂಡನಾಳದಲ್ಲಿ ಬೆಳೆದ ಗರ್ಭಕ್ಕೆ ಗರ್ಭ ಇಳಿಸುವ ಮಾತ್ರೆಗಳು ಕೆಲಸ ಮಾಡುವುದಿಲ್ಲ; ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ತುಂಬಿ ಜೀವಕ್ಕೇ ಕುತ್ತು ಬರುತ್ತದೆ. ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ಆ ಮಾತ್ರೆಗಳ ಕಿಟ್ ತಂದು ನುಂಗುವುದು ಅಪಾಯಕರ ಎನ್ನುವುದಕ್ಕೆ ಮುಖ್ಯ ಕಾರಣ ಇದು. ಮೂರನೆಯದಾಗಿ ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪು ಗೊತ್ತಿರಬೇಕು. ಗುಂಪು ನೆಗೆಟಿವ್ ಇದ್ದರೆ, ಮುಂದಿನ ಗರ್ಭದ ಕೂಸಿಗೆ ತಾಯಿಯ ರಕ್ತದಿಂದ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ಕೇಳಬೇಕು. 12 ವಾರದೊಳಗಿನ ಗರ್ಭಕ್ಕೆ ಅದು ಬೇಕೋ ಬೇಡವೋ ಎಂಬುದರಲ್ಲಿ ವೈದ್ಯಲೋಕದ ಮಾರ್ಗಸೂಚಿಗಳು ಒಂದೇ ಮಾತನ್ನು ಹೇಳುವುದಿಲ್ಲವಾದ್ದರಿಂದ ತೀರ್ಮಾನವನ್ನು ನೋಡುವ ವೈದ್ಯರಿಗೆ ಬಿಡುವುದು ಸರಿ.

ಕಾಯುವುದು

ಔಷಧಿಯಿಲ್ಲದೆ, ದೇಹ ತಾನೇ ಗರ್ಭವನ್ನು ಹೊರಹಾಕಲು ಬಿಡುವುದು ಮೊದಲನೆಯ ದಾರಿ. ಏನೂ ಮಾಡದೆ ಸುಮ್ಮನಿರುವುದೆಂದು ಇದನ್ನು ತಿಳಿಯಬಾರದು. ಒಂದೆರಡು ವಾರಕ್ಕೊಮ್ಮೆ ತೋರಿಸಿಕೊಳ್ಳುತ್ತಾ, ಯಾವಾಗ ಓಡಿ ಬರಬೇಕೆಂದು ತಿಳಿದುಕೊಂಡು ಕಾಯುವ ಕ್ರಮ ಇದು. ಸಾಕಷ್ಟು ಕಾಲ ಕೊಟ್ಟರೆ, ಅಂದರೆ 8 ವಾರದವರೆಗೂ ಕಾದರೆ, 100ರಲ್ಲಿ ಸುಮಾರು 80 ಹೆಂಗಸರಿಗೆ ಬೇರೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ಈಗಾಗಲೇ ರಕ್ತಸ್ರಾವ ಶುರುವಾಗಿ ಸ್ವಲ್ಪ ಭಾಗ ಬಿದ್ದಿರುವವರಿಗೆ ಈ ದಾರಿ ಇನ್ನೂ ಚೆನ್ನಾಗಿ ಒದಗುತ್ತದೆ. ರಕ್ತವೇ ಕಾಣದೆ, ಸ್ಕ್ಯಾನಿಂಗ್‌ನಲ್ಲಿ ಮಾತ್ರ ಗರ್ಭದ ಬೆಳವಣಿಗೆ ನಿಂತದ್ದು ಗೊತ್ತಾದವರಿಗೆ ಹೆಚ್ಚು ದಿನ ಹಿಡಿಯುತ್ತದೆ, ಕೈಗೂಡದಿರುವ ಸಂಭವವೂ ಹೆಚ್ಚು.

ಇದರ ಲಾಭವೆಂದರೆ ಔಷಧಿಯ ತೊಂದರೆಯಿಲ್ಲ, ಉಪಕರಣ ಒಳಗೆ ಹೋಗುವುದಿಲ್ಲ. ನಷ್ಟವೆಂದರೆ ದಿನ ಹೇಳಲಾಗದು. ಸಸಿ ನಾಟಿಯ ಗದ್ದೆಯಲ್ಲಿ ನಿಂತಿರುವಾಗಲೋ, ನಡುರಾತ್ರಿಯಲ್ಲೋ, ಬಸ್ಸಿನಲ್ಲೋ ಶುರುವಾಗಬಹುದು. ಎದೆಬಡಿತ ನಿಂತ ಗರ್ಭವನ್ನು ಒಡಲಲ್ಲಿ ಹೊತ್ತುಕೊಂಡು ನಾಲ್ಕು ವಾರ ಅಡುಗೆ ಮಾಡುವುದು, ನೀರು ಹೊರುವುದು, ಬಂದವರಿಗೆ ಉತ್ತರ ಕೊಡುವುದು ಕೆಲವರಿಂದ ಆಗುವುದಿಲ್ಲ. ಇನ್ನು ಕೆಲವರಿಗೆ ಆ ಕಾಲವೇ ಬೇಕಾಗಿರುತ್ತದೆ. "ಅದು ತಾನಾಗೇ ಹೋಗಲಿ ಅಕ್ಕಾ, ನಾನು ಕಳಿಸಿದಂಗ ಆಗಬಾರದು" ಎಂದು ಹೇಳಿದ ತಾಯಿಯೊಬ್ಬಳ ಮಾತು ನನಗೆ ಪೂರ್ತಿ ಅರ್ಥವಾಗಿತ್ತು.

ಒಳಗೇ ಇಟ್ಟುಕೊಂಡರೆ ನಂಜಾಗುತ್ತದೆ ಎಂಬ ಭಯ ಮಾತ್ರ ಸಂಶೋಧನೆಯಲ್ಲಿ ನಿಂತಿಲ್ಲ. ಬ್ರಿಟನ್ನಿನಲ್ಲಿ ಈ ಮೂರೂ ವಿಧಾನಗಳನ್ನು ಹೋಲಿಸಿ 2006ರಲ್ಲಿ ಪ್ರಕಟವಾದ ಮಿಸ್ಟ್ ಅಧ್ಯಯನದಲ್ಲಿ ಸೋಂಕು ಮೂರೂ ಗುಂಪುಗಳಲ್ಲಿ 100ಕ್ಕೆ 2ರಿಂದ 3ರಷ್ಟೇ ಇತ್ತು.

ಮಾತ್ರೆ

ಎರಡನೆಯ ದಾರಿಯಲ್ಲಿ ಎರಡು ಔಷಧಿಗಳಿವೆ. ಮಿಫೆಪ್ರಿಸ್ಟೋನ್ ಗರ್ಭವನ್ನು ಹಿಡಿದಿಡುವ ಪ್ರೊಜೆಸ್ಟರೋನ್ ಹಾರ್ಮೋನನ್ನು ತಡೆದು ಗರ್ಭಕೋಶವನ್ನು ಸಿದ್ಧಮಾಡುತ್ತದೆ. ಮಿಸೊಪ್ರೋಸ್ಟಾಲ್ ಗರ್ಭಕೋಶವನ್ನು ಹಿಂಡಿಸಿ, ಅದರ ಕೊರಳನ್ನು ಸಡಿಲಿಸಿ ಒಳಗಿನದನ್ನು ಹೊರಕ್ಕೆ ತಳ್ಳುತ್ತದೆ. ಬೆಳವಣಿಗೆ ನಿಂತು ಒಳಗೇ ಉಳಿದ ಗರ್ಭಕ್ಕೆ ಸಾಮಾನ್ಯವಾಗಿ ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ ನುಂಗಿಸಿ, ಒಂದೆರಡು ದಿನದ ಮೇಲೆ ಮಿಸೊಪ್ರೋಸ್ಟಾಲ್ 800 ಮೈಕ್ರೋಗ್ರಾಂ ಕೊಡುತ್ತಾರೆ. ಅರ್ಧ ಬಿದ್ದು ಅರ್ಧ ಉಳಿದವರಿಗೆ ಮೊದಲನೆಯ ಮಾತ್ರೆ ಬೇಕಾಗುವುದಿಲ್ಲ, ಎರಡನೆಯದರ ಪ್ರಮಾಣವೂ ಕಡಿಮೆ. ಚೀಟಿಯಲ್ಲಿ ಬರೆದದ್ದು ಏನೆಂದು ಓದುಗರಿಗೆ ತಿಳಿಯಲೆಂದು ಇದನ್ನು ಹೇಳಿದ್ದೇನೆಯೇ ಹೊರತು, ತಾವೇ ತಂದು ತೆಗೆದುಕೊಳ್ಳಲೆಂದಲ್ಲ.

ಎರಡೂ ಔಷಧಿಗಳನ್ನು ಸೇರಿಸಿ ಕೊಡುವುದಕ್ಕೆ ಕಾರಣವಿದೆ. ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡನ್ನೂ ತೆಗೆದುಕೊಂಡವರಲ್ಲಿ 100ಕ್ಕೆ ಸುಮಾರು 84 ಮಂದಿಗೆ ಮೊದಲ ಮರುಭೇಟಿಯ ಹೊತ್ತಿಗೇ ಗರ್ಭ ಹೊರಬಂದಿತ್ತು; ಮಿಸೊಪ್ರೋಸ್ಟಾಲ್ ಒಂದನ್ನೇ ತೆಗೆದುಕೊಂಡವರಲ್ಲಿ ಈ ಸಂಖ್ಯೆ ಸುಮಾರು 67. ಕೊನೆಗೆ ಗರ್ಭಕೋಶ ಖಾಲಿ ಮಾಡಿಸಿಕೊಳ್ಳಬೇಕಾಗಿ ಬಂದವರು ಮೊದಲ ಗುಂಪಿನಲ್ಲಿ 100ಕ್ಕೆ ಸುಮಾರು 9, ಎರಡನೆಯದರಲ್ಲಿ ಸುಮಾರು 24. ಆದ್ದರಿಂದ ಚೀಟಿಯಲ್ಲಿ ಒಂದೇ ಔಷಧಿ ಇದ್ದರೆ, ಮೊದಲನೆಯದು ಯಾಕಿಲ್ಲವೆಂದು ಕೇಳುವ ಹಕ್ಕು ನಿಮಗಿದೆ.

ಮಿಸೊಪ್ರೋಸ್ಟಾಲ್ ತೆಗೆದುಕೊಂಡ ಕೆಲವು ಗಂಟೆಗಳಲ್ಲಿ ಕಿಬ್ಬೊಟ್ಟೆ ಹಿಂಡಿದಂತೆ ನೋವು ಶುರುವಾಗಿ, ಮುಟ್ಟಿಗಿಂತ ಬಹಳ ಹೆಚ್ಚು ರಕ್ತ, ಗಡ್ಡೆಗಳು, ಮಾಂಸದ ತುಣುಕಿನಂಥದ್ದು ಬೀಳುತ್ತವೆ. ಚಳಿ ನಡುಕ, ಮೈಬಿಸಿ, ವಾಂತಿ, ಭೇದಿ ಕೆಲವು ಗಂಟೆ ಇರಬಹುದು. ಗರ್ಭ ಬಿದ್ದ ಮೇಲೆ ರಕ್ತ ಇಳಿಯುತ್ತದೆ, ಎರಡು ವಾರದವರೆಗೆ ಸ್ವಲ್ಪ ಸ್ವಲ್ಪ ಕಾಣುತ್ತಿರುತ್ತದೆ. ನೋವಿನ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಅನ್ಯಾಯವಾಗುತ್ತಿದೆ ಎಂದೇ ನನ್ನ ಅನಿಸಿಕೆ. ಮುಟ್ಟಿನ ಹಾಗೆ ಇರುತ್ತದೆ ಎಂದಷ್ಟೇ ಹೇಳಿ ಕಳಿಸಿದರೆ, ಹೆರಿಗೆ ನೋವಿನಂತೆ ಅಲೆಯಲೆಯಾಗಿ ಬಂದಾಗ ಅವರು ಸಾಯುತ್ತೇನೆಂದೇ ತಿಳಿಯುತ್ತಾರೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನು ಊಟದ ಮೇಲೆ, ನೋವು ಏರುವ ಮೊದಲೇ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ಮೊದಲೇ ಹೇಳಿ ಬೇರೆ ಮಾತ್ರೆ ಬರೆಸಿಕೊಳ್ಳಬೇಕು. ನೋವಿನ ಮಾತ್ರೆ ಬರೆಯದ ಚೀಟಿಯನ್ನು ಹಿಂದಕ್ಕೆ ಕೊಟ್ಟು ಬರೆಸಿಕೊಳ್ಳಲು ಸಂಕೋಚ ಬೇಡ.

ಈ ದಾರಿಯ ದೊಡ್ಡ ಅನುಕೂಲವೆಂದರೆ ದಿನವನ್ನೂ ಹೊತ್ತನ್ನೂ ನೀವೇ ಗೊತ್ತುಮಾಡಬಹುದು. ಮಿಸೊಪ್ರೋಸ್ಟಾಲನ್ನು ರಾತ್ರಿ ಬಿಟ್ಟು ಬೆಳಿಗ್ಗೆ ತೆಗೆದುಕೊಂಡರೆ ಹೆಚ್ಚಿನ ರಕ್ತಸ್ರಾವ ಹಗಲಿನಲ್ಲಿ ಆಗಿಹೋಗುತ್ತದೆ, ವಾಹನಗಳು ಓಡಾಡುವ ಹೊತ್ತು ಅದು. ಅಡ್ರಿನಲ್ ಗ್ರಂಥಿಯ ಕಾಯಿಲೆ ಇದ್ದವರು, ಬಹುಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು, ರಕ್ತ ಹೆಪ್ಪುಗಟ್ಟದ ತೊಂದರೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು, ವಂಕಿ (ಕಾಪರ್-ಟಿ) ಹಾಕಿಸಿಕೊಂಡಿದ್ದೂ ಗರ್ಭ ನಿಂತವರು ಅದನ್ನು ಮೊದಲೇ ತಿಳಿಸಬೇಕು.

ಸಿರಿಂಜಿನಿಂದ ತೆಗೆಸುವುದು

ಮೂರನೆಯದನ್ನು ಆಸ್ಪತ್ರೆಯಲ್ಲಿ ಎಂವಿಎ ಎನ್ನುತ್ತಾರೆ. 60 ಮಿಲಿಲೀಟರಿನ ಕೈಸಿರಿಂಜಿಗೆ ಮೆತ್ತನೆಯ ಪ್ಲಾಸ್ಟಿಕ್ ನಳಿಕೆ ಜೋಡಿಸಿ, ನಿರ್ವಾತದ ಎಳೆತದಿಂದ ಗರ್ಭಕೋಶವನ್ನು ಖಾಲಿ ಮಾಡುವ ವಿಧಾನ ಇದು. ಗರ್ಭಕೋಶದ ಕೊರಳಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡಬಹುದು. ಕೆಲಸ ಐದರಿಂದ ಹದಿನೈದು ನಿಮಿಷದ್ದು, ಒಂದೆರಡು ಗಂಟೆ ಮಲಗಿಸಿ ನೋಡಿ ಅದೇ ದಿನ ಮನೆಗೆ ಕಳಿಸುತ್ತಾರೆ. 100ರಲ್ಲಿ 97ಕ್ಕೂ ಹೆಚ್ಚು ಮಂದಿಗೆ ಒಂದೇ ಸಲಕ್ಕೆ ಮುಗಿಯುತ್ತದೆ. ತೆಗೆದದ್ದನ್ನು ಪರೀಕ್ಷೆಗೆ ಕಳಿಸಲು ಆಗುವುದರಿಂದ ದ್ರಾಕ್ಷಿಗೊಂಚಲಿನಂಥ ಅಸಹಜ ಗರ್ಭವಿದ್ದರೆ ಅದೂ ಗೊತ್ತಾಗುತ್ತದೆ. ಕಷ್ಟಗಳೆಂದರೆ ಆ ಕೆಲವು ನಿಮಿಷಗಳ ಬಲವಾದ ಹಿಂಡುನೋವು, ಸೋಂಕು, ತುಣುಕು ಉಳಿಯುವುದು, ಬಹಳ ಅಪರೂಪಕ್ಕೆ ಗರ್ಭಕೋಶಕ್ಕೆ ತೂತಾಗುವುದು. ಸೋಂಕು ತಡೆಯಲು ಮೊದಲೇ ಆಂಟಿಬಯೋಟಿಕ್ ಕೊಡುತ್ತಾರೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ನಮ್ಮ ಜಿಲ್ಲೆಗಳಲ್ಲಿ "ಕ್ಲೀನಿಂಗ್" ಅಥವಾ "ಡಿ ಅಂಡ್ ಸಿ" ಎಂದರೆ ಎಲ್ಲರೂ ಒಂದೇ ಎಂದು ತಿಳಿಯುತ್ತಾರೆ. ಲೋಹದ ಚಮಚದಂಥ ಉಪಕರಣದಿಂದ ಗರ್ಭಕೋಶದ ಒಳಪದರವನ್ನು ಕೆರೆಯುವ ಹಳೆಯ ವಿಧಾನ ಒಂದು. ಸಿರಿಂಜಿನ ಎಳೆತದ ವಿಧಾನ ಇನ್ನೊಂದು. ಕೆರೆಯುವ ವಿಧಾನವನ್ನು ಬಿಟ್ಟು ಎಳೆತದ ವಿಧಾನವನ್ನು ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ, ಏಕೆಂದರೆ ಕೆರೆತದಲ್ಲಿ ನೋವು ಮತ್ತು ರಕ್ತನಷ್ಟ ಹೆಚ್ಚು, ಒಳಪದರಕ್ಕೆ ಗಾಯವಾಗಿ ಗೋಡೆಗಳು ಅಂಟಿಕೊಂಡು ಮುಂದೆ ಮುಟ್ಟಿಗೂ ಗರ್ಭಕ್ಕೂ ತೊಡಕಾಗುವ ಸಂಭವವೂ ಇದೆ. "ಕ್ಲೀನ್ ಮಾಡುತ್ತೇವೆ" ಎಂದಾಗ "ಸಿರಿಂಜಿನಿಂದಲೋ, ಕೆರೆದೋ? ಪೂರ್ತಿ ಮತ್ತು ಬರಿಸುತ್ತೀರೋ, ಅಲ್ಲಿಗಷ್ಟೇ ಇಂಜೆಕ್ಷನ್ನೋ?" ಎಂದು ಕೇಳಿರಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಹತ್ತಿರದ ಆಸ್ಪತ್ರೆಯ ಉತ್ತರ ಸಮಾಧಾನ ತರದಿದ್ದರೆ ಅಲ್ಲಿ ಎರಡನೆಯ ಅಭಿಪ್ರಾಯ ಪಡೆಯಬಹುದು.

ನಮ್ಮ ಊರುಗಳ ಲೆಕ್ಕ

ಮುಂದಿನ ಗರ್ಭದ ದೃಷ್ಟಿಯಿಂದ ಮೂರರಲ್ಲಿ ಮೇಲು ಕೀಳಿಲ್ಲ. ಮೇಲೆ ಹೇಳಿದ ಮಿಸ್ಟ್ ಅಧ್ಯಯನದ ಹೆಂಗಸರನ್ನೇ ಮುಂದೆ ವಿಚಾರಿಸಿದಾಗ, ಯಾವ ದಾರಿ ಹಿಡಿದಿದ್ದರೂ ಐದು ವರ್ಷದೊಳಗೆ ಮಗು ಪಡೆದವರ ಪ್ರಮಾಣ 100ಕ್ಕೆ ಸುಮಾರು 80 ಇತ್ತು. ಹಾಗಾದರೆ ಆಯ್ಕೆಯನ್ನು ತೀರ್ಮಾನಿಸುವುದು ಹೆಣ್ಣಿನ ಮನಸ್ಸು ಮತ್ತು ಅವಳು ಬದುಕುವ ಸ್ಥಳ. ವಿದೇಶದ ಕೈಪಿಡಿಗಳು ಈ ಎರಡನೆಯದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ನಮಗೆ ಅದು ಸಾಲದು.

ಮೊದಲನೆಯದು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ 11 ಇರುವವಳು ತಾಳಿಕೊಳ್ಳುವ ರಕ್ತಸ್ರಾವ 7 ಇರುವವಳನ್ನು ನೆಲಕ್ಕೆ ಕೆಡವುತ್ತದೆ. ಕಣ್ಣು ಬಿಳಿಚಿಕೊಂಡ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಹೆಣ್ಣನ್ನು ಮಾತ್ರೆ ಕೊಟ್ಟು ಹಳ್ಳಿಗೆ ಕಳಿಸುವುದು, ಅಥವಾ ಕಾಯಿರಿ ಎನ್ನುವುದು ನನ್ನ ದೃಷ್ಟಿಯಲ್ಲಿ ತಪ್ಪು. ಅವಳಿಗೆ ಆಸ್ಪತ್ರೆಯಲ್ಲಿ, ರಕ್ತ ಸಿಗುವ ಜಾಗದಲ್ಲಿ, ಸಿರಿಂಜಿನ ವಿಧಾನವೇ ತಕ್ಕದ್ದು.

ಎರಡನೆಯದು ರಾತ್ರಿಯ ದಾರಿ. ಹಗಲು ಎಷ್ಟು ಬಸ್ಸಿವೆ ಎಂದು ನೋಡದೆ, ರಾತ್ರಿ ಎರಡು ಗಂಟೆಗೆ ಯಾರ ಗಾಡಿ ಸಿಗುತ್ತದೆ ಎಂದು ಕೇಳಿಕೊಳ್ಳಬೇಕು. ರಾಯಚೂರು ನಗರದಲ್ಲೇ ಇದ್ದು, ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ರಿಮ್ಸ್‌ಗೆ ಆಟೋದಲ್ಲಿ ತಲುಪಬಲ್ಲ ಆರೋಗ್ಯವಂತ ಹೆಣ್ಣಿಗೆ ಮೂರರಲ್ಲಿ ಯಾವುದಾದರೂ ಆದೀತು. ದೇವದುರ್ಗದ ಒಳಭಾಗದ ತಾಂಡಾದವಳಿಗೆ, ಸಂಡೂರಿನ ಗುಡ್ಡದ ಮೇಲಿನ ಹಳ್ಳಿಯವಳಿಗೆ, ಮಳೆಗಾಲದಲ್ಲಿ ಹಳ್ಳ ಬಂದರೆ ರಸ್ತೆ ಮುಚ್ಚುವ ಊರಿನವಳಿಗೆ ಕಾಯುವ ದಾರಿ ಕಠಿಣ. ಅಂಥವರು ಮಾತ್ರೆಯನ್ನೇ ಬಯಸಿದರೆ ಮಿಸೊಪ್ರೋಸ್ಟಾಲಿನ ದಿನ ಆಸ್ಪತ್ರೆಯಲ್ಲೇ ಇದ್ದು ಸಂಜೆ ನೋಡಿಸಿಕೊಂಡು ಹೋಗಬಹುದೇ ಎಂದು ಕೇಳಬೇಕು, ಇಲ್ಲವೇ ಪಟ್ಟಣದ ನೆಂಟರ ಮನೆಯಲ್ಲಿ ಎರಡು ದಿನ ಉಳಿಯಬೇಕು. ಊರಿನ ಆಶಾ ಕಾರ್ಯಕರ್ತೆಗೆ ಮುಂಚಿತವಾಗಿ ತಿಳಿಸಿದರೆ 108ಕ್ಕೆ ಕರೆ ಮಾಡುವುದು ಸುಲಭವಾಗುತ್ತದೆ.

ಮೂರನೆಯದನ್ನು ಬರೆಯಲು ಜನ ಹಿಂಜರಿಯುತ್ತಾರೆ: ಬಚ್ಚಲು. ಮನೆಯಲ್ಲಿ ಶೌಚಾಲಯವಿದೆಯೇ, ನೀರು ದಿನಾ ಬರುತ್ತದೆಯೇ, ಬಾಗಿಲು ಹಾಕಿಕೊಳ್ಳಬಹುದೇ? ಒಂದೇ ಕೋಣೆಯಲ್ಲಿ ಎಂಟು ಜನರಿದ್ದು, ಬಯಲಿಗೆ ಹೋಗಬೇಕಾದ ಮನೆಯಲ್ಲಿ ಆರು ಗಂಟೆ ರಕ್ತ ಗಡ್ಡೆ ಬೀಳುವುದನ್ನು ಒಬ್ಬಳೇ ನಿಭಾಯಿಸುವುದು ಆಗದ ಮಾತು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ವಾಂತಿ ಭೇದಿಯೂ ಸೇರಿದರೆ ಮೈಯ ನೀರು ಬೇಗ ಬತ್ತುತ್ತದೆ. ಓಆರ್‌ಎಸ್ ಪೊಟ್ಟಣ, ಮಜ್ಜಿಗೆ, ಗಂಜಿ ಕೈಯಳತೆಯಲ್ಲಿರಬೇಕು. ಜೊತೆಗೆ ಒಬ್ಬ ಹೆಣ್ಣುಮಗಳು, ತಾಯಿಯೋ ಅಕ್ಕನೋ ನೆರೆಮನೆಯವಳೋ, ಅಂದು ಕೂಲಿ ಬಿಟ್ಟು ಪಕ್ಕದಲ್ಲಿರಬೇಕು. ಇಷ್ಟೂ ಇಲ್ಲದವಳಿಗೆ ಒಂದೇ ದಿನದಲ್ಲಿ ಆಸ್ಪತ್ರೆಯೊಳಗೇ ಮುಗಿಯುವ ಮೂರನೆಯ ದಾರಿ ಹೆಚ್ಚು ದಯೆಯುಳ್ಳದ್ದು. ಕಾಲು ಮಡಿಸಿ ಮಲಗಿ ಪರೀಕ್ಷೆ ಮಾಡಿಸಿಕೊಳ್ಳುವುದೇ ಭಯವೆನ್ನುವ ಹೆಣ್ಣಿಗೆ, ಮನೆಯಲ್ಲಿ ಅನುಕೂಲವಿದ್ದರೆ, ಮಾತ್ರೆಯೇ ದಯೆ.

ಸಹಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಯಸ್ಕ ಹೆಣ್ಣಿನ ದೇಹದ ಚಿಕಿತ್ಸೆಗೆ ಅವಳ ಒಪ್ಪಿಗೆ ಬೇಕು, ಅವಳದೇ ಸಾಕು. ಗಂಡನೊಂದಿಗೆ ಕೂತು ಮಾತಾಡಿ ತೀರ್ಮಾನಿಸುವುದು ಒಳ್ಳೆಯದೇ. ಆದರೆ ವರಾಂಡದ ತೀರ್ಮಾನವನ್ನು ತಂದು ಅವಳ ಹೆಬ್ಬೆಟ್ಟು ಒತ್ತಿಸುವುದನ್ನು ನಾವು ಶುಶ್ರೂಷಕಿಯರು ತಡೆಯಬೇಕು.

ಯಾವ ದಾರಿಯಾದರೂ, ತಕ್ಷಣ ಹೊರಡಬೇಕಾದ ಹೊತ್ತು

ಸತತ ಎರಡು ಗಂಟೆ, ಗಂಟೆಗೆ ಎರಡರಂತೆ ದೊಡ್ಡ ಪ್ಯಾಡ್ ಪೂರ್ತಿ ತೊಯ್ದರೆ ಹೊರಡಬೇಕೆಂಬುದು ಎಲ್ಲೆಡೆ ಹೇಳುವ ಅಳತೆ. ಹಳೆಯ ಸೀರೆಯ ಬಟ್ಟೆ ಬಳಸುವವರಿಗೆ ಈ ಎಣಿಕೆ ಒಗ್ಗುವುದಿಲ್ಲ. ಅವರಿಗೆ ನಾನು ಹೇಳುವುದು, ದಪ್ಪಗೆ ಮಡಚಿದ ಬಟ್ಟೆ ಅರ್ಧ ಗಂಟೆಯೊಳಗೆ ತೊಯ್ದು ತೊಡೆಗೆ ಇಳಿದು, ಮತ್ತೆ ಮತ್ತೆ ಹಾಗೇ ಆದರೆ ಕಾಯಬೇಡಿ. ಆ ದಿನಕ್ಕಾದರೂ ಪ್ಯಾಡ್ ಕೊಂಡಿಟ್ಟುಕೊಂಡರೆ ಲೆಕ್ಕ ಸುಲಭ. ತಲೆ ತಿರುಗಿ ಬೀಳುವುದು, ಕಣ್ಣು ಕತ್ತಲೆಗಟ್ಟುವುದು, ಗಬ್ಬು ವಾಸನೆಯ ಸ್ರಾವ, ಮಿಸೊಪ್ರೋಸ್ಟಾಲ್ ತೆಗೆದುಕೊಂಡು ಒಂದು ದಿನ ಕಳೆದರೂ ಇಳಿಯದ 100.4 ಡಿಗ್ರಿ ಫ್ಯಾರನ್‌ಹೀಟ್ ಮೇಲಿನ ಜ್ವರ, ಒಂದೇ ಬದಿಗೆ ಚುಚ್ಚುವ ಹೊಟ್ಟೆನೋವು, ಭುಜದ ತುದಿಯಲ್ಲಿ ನೋವು, ಇವುಗಳಲ್ಲಿ ಒಂದು ಕಂಡರೂ ಸಾಕು. ಮಿಸೊಪ್ರೋಸ್ಟಾಲ್ ತೆಗೆದುಕೊಂಡು 24 ಗಂಟೆಯಾದರೂ ರಕ್ತವೇ ಬಾರದಿದ್ದರೆ ಗಾಬರಿ ಬೇಡ, ಆದರೆ ಬರೆದುಕೊಟ್ಟವರಿಗೆ ತಿಳಿಸಬೇಕು.

ಆಮೇಲೆ

ಒಂದೆರಡು ವಾರಕ್ಕೆ ತೋರಿಸಿಕೊಳ್ಳುವುದು, ಕಾದವರು ಮತ್ತು ಮಾತ್ರೆ ತೆಗೆದುಕೊಂಡವರು ಮೂರು ವಾರದ ಮೇಲೆ ಮೂತ್ರ ಪರೀಕ್ಷೆ ಮಾಡಿ ಗರ್ಭದ ಗೆರೆ ಅಳಿದಿದೆಯೇ ನೋಡುವುದು ಅಗತ್ಯ. ಅದಕ್ಕೂ ಮೊದಲು ಮಾಡಿದರೆ ಗೆರೆ ಬರುವುದು ಸಹಜ. ಮುಟ್ಟು ನಾಲ್ಕರಿಂದ ಆರು ವಾರಕ್ಕೆ ಮರಳುತ್ತದೆ, ಅದಕ್ಕೂ ಮೊದಲೇ ಗರ್ಭ ನಿಲ್ಲಬಹುದು. ಕಬ್ಬಿಣಾಂಶದ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ಕಾಲ ಬಿಡದೆ ನುಂಗಬೇಕು. ಮತ್ತೆ ಮಗು ಬೇಕೆನ್ನುವವರು ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲಿನಿಂದಲೇ ಶುರುಮಾಡಬೇಕು.

ಯಾಕಾಯಿತು ಎಂಬ ಪ್ರಶ್ನೆ ಮರುಭೇಟಿಯಲ್ಲಿ ತಪ್ಪದೆ ಬರುತ್ತದೆ. ಗೊತ್ತಾದ ಗರ್ಭಗಳಲ್ಲಿ 100ಕ್ಕೆ 10ರಿಂದ 20 ಹೀಗೆ ಮುಗಿಯುತ್ತವೆ, ಅವುಗಳಲ್ಲಿ ಸುಮಾರು ಅರ್ಧಕ್ಕೆ ವರ್ಣತಂತುಗಳ ಸಂಖ್ಯೆಯ ದೋಷವೇ ಕಾರಣ. ಅದು ಬೀಜ ಕೂಡಿದ ಗಳಿಗೆಯಲ್ಲೇ ಆಗಿಹೋದದ್ದು. ಎಳ್ಳುಂಡೆ ತಿಂದದ್ದು, ಕೊಡ ಹೊತ್ತದ್ದು, ಟಂಟಂನಲ್ಲಿ ಕುಲುಕಾಡಿದ್ದು, ಗ್ರಹಣದ ದಿನ ಹೊರಗೆ ಬಂದದ್ದು ಕಾರಣವಲ್ಲ ಎಂದು ಅತ್ತೆಯನ್ನೂ ಕೂಡಿಸಿಕೊಂಡು ಹೇಳುವುದು ನನ್ನ ರೂಢಿ. ಎರಡು ಮೂರು ಸಲ ಹೀಗೇ ಆದವರಿಗೆ ಮಾತ್ರ ಥೈರಾಯ್ಡ್, ಸಕ್ಕರೆ, ರಕ್ತ ಹೆಪ್ಪುಗಟ್ಟುವ ತೊಂದರೆ, ಗರ್ಭಕೋಶದ ಆಕಾರ ಮುಂತಾದ ತಪಾಸಣೆ ಬೇಕಾಗುತ್ತದೆ.

ಸಂಬಳದ ಕೆಲಸದಲ್ಲಿರುವವರಿಗೆ ಇನ್ನೊಂದು ಮಾತು. 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿಯೇ ಗರ್ಭಸ್ರಾವದ ಮರುದಿನದಿಂದ ಆರು ವಾರ ಸಂಬಳಸಹಿತ ರಜೆಯನ್ನು ಹೇಳಿತ್ತು; ಅದರ ಬದಲಿಗೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಆ ರಜೆ ಇದೆ. ಅದಕ್ಕೆ ಪುರಾವೆ ಬೇಕಾಗುವುದರಿಂದ ಸ್ಕ್ಯಾನಿಂಗ್ ವರದಿ ಮತ್ತು ಆಸ್ಪತ್ರೆಯ ಚೀಟಿಯನ್ನು ಎಸೆಯಬೇಡಿ. ಹತ್ತಿ ಬಿಡಿಸುವ, ಸಸಿ ಹಚ್ಚುವ ಕೂಲಿಯವಳಿಗೆ ಆ ರಜೆ ಕೈಗೆ ಸಿಗುವುದಿಲ್ಲ. ಅವಳ ಚೀಟಿಯ ಮೇಲೆ "ಒಂದು ವಾರ ಭಾರದ ಕೆಲಸ ಬೇಡ" ಎಂದು ವೈದ್ಯರಿಂದ ಕನ್ನಡದಲ್ಲಿ ಬರೆಸಿ, ಮನೆಯವರಿಗೆ ಓದಿ ಹೇಳಿ ಕಳಿಸುತ್ತಿದ್ದೆ.